ಕುಲುಕಾಟ ಪಳಗಿದ ಕಥೆ

ಮಾರಿಸ್ ಓಲಿ ಎಂಬ ಎಂಜಿನಿಯರ್ 1930ರಲ್ಲಿ ರೋಲ್ಸ್ ರಾಯ್ಸ್ ಬಿಟ್ಟು ಅಮೆರಿಕದ ಕ್ಯಾಡಿಲ್ಯಾಕ್ ಕಂಪನಿಗೆ ಬಂದರು. ಅಲ್ಲಿ ಅವರು ಕಟ್ಟಿಸಿದ ಪ್ರಯೋಗದ ಗಾಡಿ ನೋಡಲು ವಿಚಿತ್ರವಾಗಿತ್ತು. ಏಳು ಜನ ಕೂರುವ ಲಿಮೋಸಿನ್ ಕಾರು. ಮುಂದೆಯೂ ಹಿಂದೆಯೂ ಆಚೀಚೆ ಸರಿಸಬಹುದಾದ ತೂಕದ ಗಟ್ಟಿಗಳು. ತೂಕವನ್ನು ಅಷ್ಟಿಷ್ಟು ಸರಿಸುವುದು, ಸ್ಪ್ರಿಂಗಿನ ಬಿಗಿತ ಬದಲಿಸುವುದು, ಮತ್ತೆ ಓಡಿಸಿ ನೋಡುವುದು. ಒಳಗೆ ಕೂತವರ ಸೊಂಟ, ಹೊಟ್ಟೆ, ಕುತ್ತಿಗೆಗಳೇ ಅಳತೆಗೋಲು.

ಆ ಕಾಲದ ಕಾರುಗಳಲ್ಲಿ ಮುಂದಿನ ಸ್ಪ್ರಿಂಗು ಬಿಗಿ, ಹಿಂದಿನದು ಸಡಿಲ. ರಸ್ತೆಯಲ್ಲಿ ಉಬ್ಬು ಬಂದರೆ ಮುಂದಿನ ಚಕ್ರ ಮೊದಲು ಹತ್ತುತ್ತದೆ, ಹಿಂದಿನದು ಕೊಂಚ ತಡವಾಗಿ. ತಡವಾಗಿ ಶುರುವಾದ ಹಿಂಭಾಗ ನಿಧಾನವಾಗಿಯೂ ತೂಗಿದರೆ ಎರಡು ತುದಿಗಳ ಹೆಜ್ಜೆ ಕೂಡುವುದೇ ಇಲ್ಲ. ಮುಂದು ಮೇಲಿದ್ದಾಗ ಹಿಂದು ಕೆಳಗೆ. ಗಾಡಿ ಏತದ ಹಾಗೆ ಬಾಗಿ ಏಳುತ್ತದೆ, ಹೊಟ್ಟೆ ತೊಳಸುತ್ತದೆ. ಓಲಿ ಈ ಕ್ರಮವನ್ನೇ ತಿರುಗಿಸಿದರು. ಮುಂದಿನ ಸ್ಪ್ರಿಂಗನ್ನು ಹಿಂದಿನದಕ್ಕಿಂತ ಮೆತ್ತಗೆ ಮಾಡಿದಾಗ, ತಡವಾಗಿ ಹೊರಟ ಹಿಂಭಾಗ ಬೇಗಬೇಗ ತೂಗಿ ಮುಂಭಾಗವನ್ನು ಹಿಡಿದುಬಿಡುತ್ತಿತ್ತು. ಬಾಗುವಾಟ ನಿಂತು, ಇಡೀ ಕಾರು ಮಟ್ಟಸವಾಗಿ ಒಮ್ಮೆ ಏರಿ ಇಳಿದು ಸುಮ್ಮನಾಗುತ್ತಿತ್ತು. ಆದರೆ ಒಂದೇ ಅಡ್ಡ ಅಚ್ಚಿಗೆ ಎರಡೂ ಚಕ್ರ ಕಟ್ಟಿದ್ದ ಕಾರಿನಲ್ಲಿ ಮುಂದಿನ ಸ್ಪ್ರಿಂಗು ಮೆತ್ತಗಾದರೆ ಸ್ಟೀರಿಂಗ್ ಗಡಗಡ ನಡುಗುತ್ತಿತ್ತು. ಅದಕ್ಕೆಂದೇ ಮುಂದಿನ ಎರಡು ಚಕ್ರಗಳನ್ನು ಬೇರೆ ಬೇರೆಯಾಗಿ ತೂಗುಹಾಕುವ ಏರ್ಪಾಡು 1934ರ ಜನರಲ್ ಮೋಟರ್ಸ್ ಕಾರುಗಳಲ್ಲಿ ಬಂತು.

ಆಫ್‌ರೋಡ್ ಗಾಡಿಯ ಸಸ್ಪೆನ್ಷನ್ ಕಥೆಯನ್ನು ನುಣ್ಣನೆಯ ಟಾರು ರಸ್ತೆಯ ಲಿಮೋಸಿನ್‌ನಿಂದ ಶುರುಮಾಡಲು ಕಾರಣವಿದೆ. ಕಲ್ಲುಹಾದಿಯಲ್ಲಿ ಸುಖವಾಗಿ ಹೋಗಬೇಕೆಂದರೆ ಸ್ಪ್ರಿಂಗು ಮೆತ್ತಗಿದ್ದರೆ ಸಾಕು ಎಂದು ತುಂಬ ಜನ ನಂಬಿದ್ದಾರೆ. ಓಲಿ ಕಂಡುಕೊಂಡದ್ದು ಲಯವನ್ನು. ಗಾಡಿಯ ಮೈ ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆ, ಯಾವ ತುದಿ ಮೊದಲು, ತೂಗಾಟ ಎಷ್ಟು ಬೇಗ ಅಡಗುತ್ತದೆ ಎಂಬುದರಲ್ಲೇ ಎಲ್ಲವೂ ಇದೆ. ಸೆಕೆಂಡಿಗೆ ಒಂದು, ಒಂದೂವರೆ ತೂಗಾಟವನ್ನು ನಮ್ಮ ದೇಹ ಸಲೀಸಾಗಿ ಸಹಿಸುತ್ತದೆ. ನಡೆಯುವಾಗ ನಾವು ಅದಕ್ಕಿಂತ ತುಸು ಬಿರುಸಾಗಿಯೇ ಮೇಲೆ ಕೆಳಗೆ ಆಡುತ್ತಿರುತ್ತೇವೆ. ಸೆಕೆಂಡಿಗೆ 4ರಿಂದ 8 ಸಲದ ನಡುಕ ಮಾತ್ರ ಹೊಟ್ಟೆ, ಬೆನ್ನುಗಳಿಗೆ ಬಲು ತ್ರಾಸ. ಲೆಕ್ಕವೂ ಸರಳ: ಗಾಡಿಯ ಭಾರಕ್ಕೆ ಸ್ಪ್ರಿಂಗು 25 ಸೆಂಟಿಮೀಟರ್ ಕುಗ್ಗುವಂತಿದ್ದರೆ ತೂಗಾಟ ಸೆಕೆಂಡಿಗೆ ಒಂದು. ಬರೀ 6 ಸೆಂಟಿಮೀಟರ್ ಕುಗ್ಗಿದರೆ ಎರಡು.

ಈಗ ಹಳೆಯ ಜೀಪಿಗೆ ಬರೋಣ. ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಬಿಗಿದ ಲೀಫ್ ಸ್ಪ್ರಿಂಗ್ ಸಾರೋಟಿನ ಕಾಲದ್ದು. ಲಂಡನ್ನಿನ ಒಬಡಾಯಾ ಎಲಿಯಟ್ 1804ರಲ್ಲಿ ಸಾರೋಟಿಗೆ ಅಂಡಾಕಾರದ ಸ್ಪ್ರಿಂಗು ಜೋಡಿಸುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದರು. ಎರಡನೇ ಮಹಾಯುದ್ಧಕ್ಕಾಗಿ 1940ರಲ್ಲಿ ಅಮೆರಿಕದ ಸೈನ್ಯ ಆತುರಾತುರವಾಗಿ ಮಾಡಿಸಿದ ಜೀಪು ಇದನ್ನೇ ನಾಲ್ಕೂ ಮೂಲೆಗೆ ಹಾಕಿಕೊಂಡಿತು. ಆಯ್ಕೆ ತಪ್ಪಲ್ಲ. ಭಾರ ಹೊರುವುದು, ಅಚ್ಚನ್ನು ಅದರ ಜಾಗದಲ್ಲಿ ಹಿಡಿದಿಡುವುದು, ಪಟ್ಟಿಗಳ ತಿಕ್ಕಾಟದಿಂದ ತೂಗಾಟ ಅಡಗಿಸುವುದು, ಈ ಮೂರೂ ಕೆಲಸವನ್ನು ಅದೊಂದೇ ಮಾಡುತ್ತದೆ. ಮುರಿದರೆ ಹಳ್ಳಿಯ ಕುಲುಮೆಯಲ್ಲೂ ರಿಪೇರಿ ಆದೀತು.

ಜೀಪಿನ ಕುಲುಕಾಟದ ಮೂಲ ಆ ತಿಕ್ಕಾಟದಲ್ಲೇ ಇದೆ. ಒಂದಕ್ಕೊಂದು ಒತ್ತಿಕೊಂಡ ಪಟ್ಟಿಗಳು ಜಾರಲು ಶುರುಮಾಡುವುದಕ್ಕೇ ಒಂದಷ್ಟು ಬಲ ಬೇಕು. ಸಣ್ಣ ಕಲ್ಲು, ಸಣ್ಣ ತಗ್ಗು ಕೊಡುವ ಏಟು ಅಷ್ಟು ಬಲದ್ದಲ್ಲ; ಆಗ ಸ್ಪ್ರಿಂಗು ಅಲುಗುವುದೇ ಇಲ್ಲ, ಏಟು ನೇರವಾಗಿ ಸೀಟಿಗೆ ಬರುತ್ತದೆ. ಸ್ವತಂತ್ರ ಭಾರತದಲ್ಲಿ ಮಹೀಂದ್ರಾ ಜೋಡಿಸಿ, ಆಮೇಲೆ ತಾನೇ ತಯಾರಿಸಿದ ಜೀಪುಗಳೂ ಇದೇ ವಂಶದವು. ಕೊಡಚಾದ್ರಿಗೋ ಮಡಿಕೇರಿ ಬಳಿಯ ಮಾಂದಲಪಟ್ಟಿಗೋ ಹಳೆಯ ಜೀಪಿನಲ್ಲಿ ಹತ್ತಿದವರಿಗೆ ಆ ಸಣ್ಣ ಏಟುಗಳ ನೆನಪು ಬೆನ್ನಿನಲ್ಲಿರುತ್ತದೆ. ತುಂಬಿದ ಜೀಪು ಖಾಲಿ ಜೀಪಿಗಿಂತ ಮೆತ್ತಗೆ ಹೋಗುವುದನ್ನೂ ಅಲ್ಲಿ ಗಮನಿಸಬಹುದು. ಎಂಟು ಜನರ ಭಾರಕ್ಕೆಂದು ಮಾಡಿದ ಸ್ಪ್ರಿಂಗಿನ ಮೇಲೆ ಚಾಲಕನೊಬ್ಬನೇ ಕೂತರೆ ಅದು ಕುಗ್ಗುವುದು ಕಡಿಮೆ, ತೂಗುವ ವೇಗ ಹೆಚ್ಚು.

ಸ್ಪ್ರಿಂಗು ಏಟನ್ನು ಅಳಿಸುವುದಿಲ್ಲ. ಶಕ್ತಿಯನ್ನು ಕೂಡಿಟ್ಟು ಮರುಗಳಿಗೆಗೆ ವಾಪಸು ಕೊಡುತ್ತದೆ. ಅದನ್ನು ಎಲ್ಲಿಯಾದರೂ ಕರಗಿಸಬೇಕು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಟ್ರುಫೊ ಕತ್ತರಿಯಾಕಾರದ ಎರಡು ತೋಳುಗಳ ನಡುವೆ ಬಿಲ್ಲೆಗಳನ್ನು ಒತ್ತಿಟ್ಟು ಉಜ್ಜಾಟದಿಂದ ಕರಗಿಸುವ ಸಾಧನ ಮಾಡಿದರು. ಎಡ್ವರ್ಡ್ ಹಾರ್ಟ್‌ಫರ್ಡ್ ಅದನ್ನು ಅಮೆರಿಕಕ್ಕೆ ಒಯ್ದರು. ಆದರೆ ಇದರದ್ದೂ ಪಟ್ಟಿಗಳ ದೋಷವೇ: ಅಲುಗದೆ ನಿಂತಾಗಲೇ ಹಿಡಿತ ಅತಿ ಬಿಗಿ. ಬೇಕಾದದ್ದು ಇದರ ತದ್ವಿರುದ್ಧ. ನಿಧಾನಕ್ಕೆ ಅಲುಗಿದರೆ ಬಿಟ್ಟುಕೊಡಬೇಕು, ರಭಸಕ್ಕೆ ತಕ್ಕಂತೆ ತಡೆಯಬೇಕು. ಸಣ್ಣ ತೂತಿನ ಮೂಲಕ ಎಣ್ಣೆಯನ್ನು ದಬ್ಬಿದರೆ ಅದು ಹಾಗೆಯೇ ವರ್ತಿಸುತ್ತದೆ. ಮಾರಿಸ್ ಉಡಾಯ್ ಎಂಬ ಇನ್ನೊಬ್ಬ ಫ್ರೆಂಚ್ ತಜ್ಞರ ಎಣ್ಣೆಯ ಶಾಕ್ ಅಬ್ಸಾರ್ಬರ್ ಫೋರ್ಡ್‌ನ ಮಾಡೆಲ್ ಎ ಕಾರಿನ ಮೂಲಕ 1920ರ ದಶಕದ ಕೊನೆಗೆ ಸಾಮಾನ್ಯರ ಮನೆಗೂ ಬಂತು.

ಫ್ರಾನ್ಸಿನ ಹೆಸರು ಮತ್ತೆ ಮತ್ತೆ ಬರುತ್ತಿದೆ. ಇನ್ನೂ ಒಮ್ಮೆ ಬರಲೇಬೇಕು. ಸಿಟ್ರೊಯೆನ್ ಕಂಪನಿಯ ಮುಖ್ಯಸ್ಥ ಪಿಯೆರ್ ಬುಲಾಂಜೆ ರೈತರಿಗಾಗಿ ಒಂದು ಕಾರು ಬೇಕೆಂದರು. ಬುಟ್ಟಿ ತುಂಬ ಮೊಟ್ಟೆ ಇಟ್ಟುಕೊಂಡು ಉತ್ತ ಹೊಲದಲ್ಲಿ ಹೋದರೂ ಒಂದೂ ಒಡೆಯಬಾರದು. 1948ರ ಪ್ಯಾರಿಸ್ ಪ್ರದರ್ಶನದಲ್ಲಿ ಹೊರಬಂದ 2ಸಿವಿ ಕಾರಿನಲ್ಲಿ ಒಂದೇ ಬದಿಯ ಮುಂದಿನ ಮತ್ತು ಹಿಂದಿನ ಚಕ್ರಗಳ ಸ್ಪ್ರಿಂಗುಗಳು ಪರಸ್ಪರ ಜೋಡಿಕೊಂಡಿದ್ದವು. ನಾಲ್ಕು ಚಕ್ರದ ಎಳೆತವಿಲ್ಲದ, ದುರ್ಬಲ ಎಂಜಿನ್ನಿನ ಆ ಬಡ ಕಾರು ಒರಟು ನೆಲದಲ್ಲಿ ಆ ಕಾಲದ ಜೀಪುಗಳಿಗಿಂತ ಎಷ್ಟೋ ಸುಖವಾಗಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಅದೇ 1948ರಲ್ಲಿ ಬಂದ ಲ್ಯಾಂಡ್ ರೋವರ್ ಮಾತ್ರ ಜೀಪಿನ ದಾರಿಯಲ್ಲೇ ಉಳಿಯಿತು. ದಾರಿ ಬದಲಿಸಿದ್ದು ಅದೇ ಮನೆಯ ಸ್ಪೆನ್ ಕಿಂಗ್ ಮತ್ತು ಗಾರ್ಡನ್ ಬ್ಯಾಶ್‌ಫರ್ಡ್. ಗಟ್ಟಿ ಗಾಡಿಗೆ ಗಟ್ಟಿ ಸ್ಪ್ರಿಂಗು ಎಂಬ ನಂಬಿಕೆಯನ್ನು ಬದಿಗಿಟ್ಟು, ಉದ್ದಕ್ಕೆ ಆಡುವ ಮೆತ್ತನೆಯ ಕಾಯಿಲ್ ಸ್ಪ್ರಿಂಗುಗಳನ್ನು ಅವರು 1970ರ ರೇಂಜ್ ರೋವರ್‌ಗೆ ಕೊಟ್ಟರು. ಕಾಯಿಲ್‌ಗೆ ತಿಕ್ಕಾಟವಿಲ್ಲ, ಸಣ್ಣ ಕಲ್ಲಿಗೂ ಸ್ಪಂದಿಸುತ್ತದೆ; ಆದರೆ ಅಚ್ಚನ್ನು ಹಿಡಿದಿಡಲು ಅದಕ್ಕೆ ಬರುವುದಿಲ್ಲ. ಆ ಕೆಲಸಕ್ಕೆ ಬೇರೆ ತೋಳುಗಳು ಬಂದವು. ತೂಗಾಟ ಅಡಗಿಸುವ ಪೂರ್ತಿ ಹೊಣೆ ಶಾಕ್ ಅಬ್ಸಾರ್ಬರ್‌ಗೆ ಹೋಯಿತು. ಮೂರು ಕೆಲಸ ಮೂವರಿಗೆ ಹಂಚಿಹೋದದ್ದರಿಂದ ಒಂದೊಂದನ್ನೂ ಬೇರೆ ಬೇರೆಯಾಗಿ ಹದ ಮಾಡಲು ಸಾಧ್ಯವಾಯಿತು. ಇಂದು ನಾವು ಸಸ್ಪೆನ್ಷನ್ ಟ್ಯೂನಿಂಗ್ ಎನ್ನುವುದು ಹುಟ್ಟಿದ್ದು ಈ ಹಂಚಿಕೆಯಲ್ಲೇ ಎಂದು ನಾನು ಭಾವಿಸುತ್ತೇನೆ. ಮೆತ್ತನೆಯ ಸ್ಪ್ರಿಂಗು ಭಾರ ಹೇರಿದರೆ ಕುಸಿಯುತ್ತದೆ ಎಂಬ ತೊಡಕಿಗೂ ಅವರು ಉತ್ತರ ಹುಡುಕಿದ್ದರು. ಹಿಂದಿನ ಅಚ್ಚಿನ ಮೇಲೆ ಜರ್ಮನಿಯ ಬೋಗೆ ಕಂಪನಿಯ ಒಂದು ಸ್ಟ್ರಟ್ ಇತ್ತು. ಗಾಡಿ ಓಡುತ್ತಿದ್ದಂತೆ ರಸ್ತೆಯ ಏರಿಳಿತದಿಂದಲೇ ಎಣ್ಣೆ ಪಂಪು ಮಾಡಿಕೊಂಡು ಕುಸಿದ ಹಿಂಭಾಗವನ್ನು ಅದು ತಾನಾಗಿ ಮೇಲೆತ್ತುತ್ತಿತ್ತು.

ಇತ್ತ ಅಮೆರಿಕದ ಕಡೆ, ಶಾಕ್ ಅಬ್ಸಾರ್ಬರ್‌ನ ಮೈ ಸುಡುವ ಸಮಸ್ಯೆ ದೊಡ್ಡದಾಗುತ್ತಿತ್ತು. ಮೆಕ್ಸಿಕೋದ ಬಾಹಾ ಪರ್ಯಾಯ ದ್ವೀಪದಲ್ಲಿ ಟಿಹುವಾನಾದಿಂದ ಲಾ ಪಾಸ್‌ವರೆಗಿನ ಮರುಭೂಮಿ ಓಟ 1967ರಲ್ಲಿ ಶುರುವಾಯಿತು. ಮೊದಲ ಓಟ ಗೆದ್ದದ್ದು ಮೇಯರ್ಸ್ ಮ್ಯಾಂಕ್ಸ್ ಎಂಬ ಹಗುರ ಮರಳುಗಾಡಿ. ತೆಗೆದುಕೊಂಡ ಸಮಯ 27 ಗಂಟೆ 38 ನಿಮಿಷ. ಗಂಟೆಗಟ್ಟಲೆ ಗುಂಡಿ, ದಿಣ್ಣೆ. ಸ್ಪ್ರಿಂಗು ಹಿಂದಿರುಗಿಸುವ ಶಕ್ತಿಯನ್ನೆಲ್ಲ ಶಾಕ್ ಅಬ್ಸಾರ್ಬರ್ ಶಾಖವಾಗಿ ಬದಲಿಸಬೇಕು. ಎಣ್ಣೆ ಕಾದು ತೆಳುವಾಗುತ್ತದೆ. ಗಾಳಿಯೊಂದಿಗೆ ಕಲಸಿ ನೊರೆಯಾಗುತ್ತದೆ. ನೊರೆಗೆ ತಡೆಯುವ ಬಲವಿಲ್ಲ. ಓಟಗಾರರು ಒಂದೊಂದು ಚಕ್ರಕ್ಕೆ ಎರಡು, ಮೂರು ಶಾಕ್ ಅಬ್ಸಾರ್ಬರ್ ಕಟ್ಟಿ ಶಾಖವನ್ನು ಹಂಚಿದರು.

ನೊರೆಗೆ ಮದ್ದು ಯುರೋಪಿನಲ್ಲಿ ಆಗಲೇ ಸಿದ್ಧವಾಗಿತ್ತು. ದ ಕಾರ್ಬನ್ ಎಂಬ ಫ್ರೆಂಚ್ ವಿಜ್ಞಾನಿ ಒಂದೇ ಕೊಳವೆಯೊಳಗೆ ಎಣ್ಣೆಯನ್ನೂ ಒತ್ತಡದ ಅನಿಲವನ್ನೂ ತೇಲುವ ಪಿಸ್ಟನ್ನಿನಿಂದ ಬೇರ್ಪಡಿಸಿದ್ದರು. ಜರ್ಮನಿಯ ಬಿಲ್‌ಸ್ಟೈನ್ 1950ರ ದಶಕದಲ್ಲಿ ಅದನ್ನು ಕಾರ್ಖಾನೆಯ ಸರಕಾಗಿಸಿತ್ತು. ಅನಿಲ ಸದಾ ಒತ್ತುತ್ತಿದ್ದರೆ ಎಣ್ಣೆ ನೊರೆಯಾಗುವುದು ಕಷ್ಟ. ಮರುಭೂಮಿ ಓಟದವರು ಇದಕ್ಕೆ ಹೊರಗೊಂದು ಎಣ್ಣೆ ಡಬ್ಬಿಯನ್ನೂ ಸೇರಿಸಿದರು. ಎಣ್ಣೆ ಹೆಚ್ಚು, ಶಾಖ ಬಿಡಲು ಲೋಹದ ಮೈ ಹೆಚ್ಚು.

ಬಾಹಾ ಜಗತ್ತಿನ ಸೊಗಸಾದ ಕಾಣಿಕೆ ಬೈಪಾಸ್ ಶಾಕ್. ನಡುವಿನ ಆಟದಲ್ಲಿ ಎಣ್ಣೆ ಪಿಸ್ಟನ್ನನ್ನು ಬಳಸಿಕೊಂಡು ಪಕ್ಕದ ಸಣ್ಣ ಕೊಳವೆಗಳಲ್ಲಿ ಸಲೀಸಾಗಿ ಹರಿಯುತ್ತದೆ. ಸಣ್ಣ ಕಲ್ಲಿನ ಮೇಲೆ ಸವಾರಿ ಮೆತ್ತಗೆ. ದೊಡ್ಡ ಗುಂಡಿಗೆ ಬಿದ್ದು ಪಿಸ್ಟನ್ ತುದಿಯವರೆಗೆ ಬಂದಾಗ ಆ ದಾರಿಗಳು ಒಂದೊಂದಾಗಿ ಮುಚ್ಚಿಕೊಂಡು ಬಿಗಿತ ಏರುತ್ತದೆ. ಮೆತ್ತಗಿರಬೇಕೋ ಬಿಗಿಯಿರಬೇಕೋ ಎಂಬ ಹಳೆಯ ಜಗಳಕ್ಕೆ, ಚಕ್ರ ಎಲ್ಲಿದೆ ಎಂಬುದರ ಮೇಲೆ ನಿರ್ಧರಿಸು ಎಂಬ ಉತ್ತರ ಸಿಕ್ಕಿತು. ಹಿಂದೆ ಮೋಟೊಕ್ರಾಸ್ ಬೈಕುಗಳಿಗೆ ಶಾಕ್ ಅಬ್ಸಾರ್ಬರ್ ಮಾಡಿ ಹೆಸರಾಗಿದ್ದ ಫಾಕ್ಸ್ ಕಂಪನಿ ಈ ಕೊಳವೆಗಳನ್ನು ಒಳಗೇ ಅಡಗಿಸಿ ಕೊಟ್ಟಾಗ, 2010ರ ಮಾದರಿಯ ಫೋರ್ಡ್ ರ‍್ಯಾಪ್ಟರ್ ಪಿಕಪ್ ಶೋರೂಮಿನಿಂದಲೇ ಅದನ್ನು ತೊಟ್ಟು ಬಂತು.

ನಮ್ಮಲ್ಲಿ ಬದಲಾವಣೆ ನಿಧಾನ. ಮಾರುತಿ ಜಿಪ್ಸಿ 1985ರಿಂದ ಕೊನೆಯವರೆಗೂ ನಾಲ್ಕೂ ಕಡೆ ಲೀಫ್ ಸ್ಪ್ರಿಂಗಿನಲ್ಲೇ ಓಡಿತು. ಮಹೀಂದ್ರಾದ 2010ರ ಥಾರ್‌ನ ಹಿಂಭಾಗದಲ್ಲಿ ಪಟ್ಟಿಗಳಿದ್ದವು. 2020ರದಕ್ಕೆ ಹಿಂದೆಯೂ ಕಾಯಿಲ್ ಬಂತು. 2024ರ ಥಾರ್ ರಾಕ್ಸ್‌ನ ಶಾಕ್ ಅಬ್ಸಾರ್ಬರ್ ಕಂಪನ ಬೇಗದ್ದೋ ನಿಧಾನದ್ದೋ ಎಂದು ಗುರುತಿಸಿ ತನ್ನ ಬಿಗಿತ ಬದಲಿಸಿಕೊಳ್ಳುತ್ತದೆ. ಕಂಪನಿಯವರು ಇಷ್ಟು ದೂರ ಬಂದಮೇಲೂ ಹೊಸ ಗಾಡಿ ಕೊಂಡವರು ಮೊದಲ ತಿಂಗಳೇ ಎತ್ತರ ಹೆಚ್ಚಿಸುವ ಗಟ್ಟಿ ಸ್ಪ್ರಿಂಗು ಹಾಕಿಸುವುದನ್ನು ಕಂಡರೆ ನನಗೆ ನೋವಾಗುತ್ತದೆ. ಮುಂದೆ ಉಕ್ಕಿನ ಬಂಪರು, ವಿಂಚು. ಅದರ ಭಾರಕ್ಕೆಂದು ಅಗತ್ಯಕ್ಕಿಂತ ಬಿಗಿಯಾದ ಮುಂದಿನ ಸ್ಪ್ರಿಂಗು. ಓಲಿ ತಿರುಗಿಸಿದ ಕ್ರಮವನ್ನು ನಾವು ಮತ್ತೆ ಹಿಂದಕ್ಕೆ ತಿರುಗಿಸುತ್ತೇವೆ. ಗಾಡಿ ಬಾಗಿ ಏಳತೊಡಗುತ್ತದೆ.

ಸರಿಯಾಗಿ ಹದ ಮಾಡುವವರು ಸ್ಪ್ರಿಂಗಿಗೆ ಕೈ ಹಾಕುವ ಮೊದಲು ಟೈರಿನ ಗಾಳಿ ನೋಡುತ್ತಾರೆ, ಏಕೆಂದರೆ ನೆಲ ಮುಟ್ಟುವ ಮೊದಲ ಸ್ಪ್ರಿಂಗು ಟೈರೇ. 32 ಪಿಎಸ್‌ಐ ಇದ್ದದ್ದನ್ನು ಕಲ್ಲುಹಾದಿಯಲ್ಲಿ 20ರ ಆಸುಪಾಸಿಗೆ ಇಳಿಸಿದರೆ ಸಿಗುವ ಸುಖಕ್ಕೆ ಕಾಸಿನ ಖರ್ಚಿಲ್ಲ. ಟಾರು ರಸ್ತೆಗೆ ಬಂದೊಡನೆ ಮತ್ತೆ ತುಂಬಿಸಬೇಕು. ಗಾಳಿ ಕಡಿಮೆಯಾದ ಟೈರು ವೇಗದಲ್ಲಿ ಮಡಚಿ ಮಡಚಿ ಕಾಯುತ್ತದೆ. ಆಮೇಲೆ ಭಾರ: ಪ್ರಯಾಣದ ಸಾಮಾನನ್ನೆಲ್ಲ ಹೇರಿ, ಜನರನ್ನು ಕೂರಿಸಿ ಸ್ಪ್ರಿಂಗು ಎಷ್ಟು ಕುಗ್ಗಿತೆಂದು ಅಳೆಯುವುದು. ಅದಾದ ಮೇಲೆಯೇ ಶಾಕ್ ಅಬ್ಸಾರ್ಬರ್.

ಅದರೊಳಗೆ ಪಿಸ್ಟನ್ನಿನ ತೂತುಗಳನ್ನು ಮುಚ್ಚಿಕೊಂಡು ಉಕ್ಕಿನ ತೆಳು ಬಿಲ್ಲೆಗಳ ಅಡಕಲು ಕೂತಿರುತ್ತದೆ. ಒಂದೊಂದರ ದಪ್ಪ ಒಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗ, ಎರಡು ಭಾಗ. ಎಣ್ಣೆಯ ರಭಸಕ್ಕೆ ಇವು ಬಾಗಿ ದಾರಿ ಬಿಡುತ್ತವೆ. ಒಂದು ಬಿಲ್ಲೆ ತೆಗೆದರೆ, ಒಂದು ಸೇರಿಸಿದರೆ ಸವಾರಿಯ ಗುಣವೇ ಬೇರೆ. ಕುಗ್ಗುವಾಗಿನ ತಡೆ ಒಂದು ಬದಿಯ ಬಿಲ್ಲೆಗಳದ್ದು, ಹಿಗ್ಗುವಾಗಿನದು ಇನ್ನೊಂದು ಬದಿಯದು. ಹೆಚ್ಚಿನವರು ಎಡವುವುದು ಹಿಗ್ಗುವ ಕಡೆ. ಕೊಳ್ಳೇಗಾಲದ ಆಚೆಯ ಕಾಡುದಾರಿಯಾಗಲಿ ಬಾಹಾದ ಮರಳಾಗಲಿ, ಅಡ್ಡಡ್ಡ ಅಲೆ ಎದ್ದ ಮಣ್ಣುರಸ್ತೆಯಲ್ಲಿ ಅಲೆಗಳ ನಡುವೆ ಅರವತ್ತು ಸೆಂಟಿಮೀಟರ್ ಅಂತರವಿದ್ದರೆ, ಗಂಟೆಗೆ 28 ಕಿಲೋಮೀಟರ್ ವೇಗದಲ್ಲಿ ಚಕ್ರಕ್ಕೆ ಸೆಕೆಂಡಿಗೆ 13 ಏಟು. ಚಕ್ರ ಮತ್ತು ಅಚ್ಚು ತಾವಾಗಿ ಕುಣಿಯುವ ವೇಗವೂ ಸುಮಾರು ಅಷ್ಟೇ, ಹಾಗಾಗಿ ಆ ವೇಗದಲ್ಲಿ ನಡುಕ ತಾರಕಕ್ಕೇರುತ್ತದೆ. ಹಿಗ್ಗುವ ತಡೆ ಅತಿಯಾಗಿದ್ದರೆ ಚಕ್ರ ಕೆಳಗಿಳಿದು ನೆಲ ಮುಟ್ಟುವ ಮೊದಲೇ ಮುಂದಿನ ಏಟು ಬೀಳುತ್ತದೆ, ಇನ್ನೊಂದು ಬೀಳುತ್ತದೆ, ಗಾಡಿ ಇಂಚಿಂಚೇ ಕುಸಿದು ಸ್ಪ್ರಿಂಗಿಗೆ ಆಡಲು ಜಾಗವೇ ಉಳಿಯುವುದಿಲ್ಲ. ಸ್ಪ್ರಿಂಗು ಗಟ್ಟಿಯಾಯಿತೆಂದು ಆಗ ಅದನ್ನು ಬದಲಿಸಲು ಹೊರಡುತ್ತಾರೆ. ಶಾಕ್ ಅಬ್ಸಾರ್ಬರ್‌ನಲ್ಲಿ ಹಿಗ್ಗುವ ತಡೆಯನ್ನು ಹೊಂದಿಸುವ ತಿರುಪನ್ನು ಒಂದೆರಡು ಗುರುತು ಸಡಿಲಿಸಿ, ಅದೇ ಭಾರದಲ್ಲಿ, ಅದೇ ವೇಗದಲ್ಲಿ, ಅದೇ ಅಲೆಗಳ ಮೇಲೆ ಮತ್ತೆ ಓಡಿಸಿದರೆ ಕಾರಣ ಎಲ್ಲಿತ್ತೆಂದು ಕೂತವರ ಬೆನ್ನಿಗೇ ಗೊತ್ತಾಗುತ್ತದೆ.