ತೆರೆಯ ಹಿಂದಿನ ಮಾತುಗಳು

ಮಕ್ಕಳೇ, ಸಿನಿಮಾ ನೋಡುವುದೆಂದರೆ ನಿಮಗೆ ಬಲು ಇಷ್ಟವಲ್ಲವೇ? ಸಿನಿಮಾ ಮುಗಿಯುತ್ತಲೇ ತೆರೆಯ ಮೇಲೆ ಸಾಲುಸಾಲಾಗಿ ಹೆಸರುಗಳು ಬರುತ್ತವೆ. ಅವುಗಳನ್ನು ಓದುವ ಮೊದಲೇ ನಾವು ಎದ್ದುಬಿಡುತ್ತೇವೆ. ಅವರೆಲ್ಲ ಯಾರು? ಏನು ಕೆಲಸ ಮಾಡುತ್ತಾರೆ? ತಿಳಿಯೋಣ ಬನ್ನಿರಿ.

ಮೊದಲು ಒಂದು ಬಟಾಣಿ ಗಿಡದ ಕಥೆ ಕೇಳಿರಿ. 1912ರಲ್ಲಿ ದಾದಾಸಾಹೇಬ ಫಾಳ್ಕೆಯವರು ಒಂದು ಕುಂಡದಲ್ಲಿ ಬಟಾಣಿ ಕಾಳು ಬಿತ್ತಿದರು. ಅದರ ಎದುರಿಗೆ ಕ್ಯಾಮರಾ ಇಟ್ಟರು. ಕಾಳು ಮೊಳೆತು ಗಿಡವಾಗುವವರೆಗೆ ಬಿಡಿಬಿಡಿಯಾಗಿ ಚಿತ್ರಗಳನ್ನು ತೆಗೆದರು. ಅವುಗಳನ್ನು ಒಂದರ ಹಿಂದೊಂದು ವೇಗವಾಗಿ ತೋರಿಸಿದಾಗ ಸುಮಾರು ಒಂದು ನಿಮಿಷದಲ್ಲಿ ಗಿಡ ಬೆಳೆದು ನಿಂತಿತು! ಇಂಥ ಒಂದೊಂದು ಬಿಡಿ ಚಿತ್ರಕ್ಕೆ ‘ಫ್ರೇಮು’ ಎನ್ನುವರು. ಈಗಿನ ಸಿನಿಮಾಗಳಲ್ಲಿ ಸಾಮಾನ್ಯವಾಗಿ ಒಂದು ಸೆಕೆಂಡಿಗೆ 24 ಫ್ರೇಮುಗಳು ಓಡುತ್ತವೆ. ಅವು ನಮಗೆ ಬೇರೆಬೇರೆಯಾಗಿ ಕಾಣುವುದಿಲ್ಲ. ಚಿತ್ರವೇ ಚಲಿಸಿದಂತೆ ತೋರುತ್ತದೆ. ಆದ್ದರಿಂದಲೇ ಅದು ಚಲನಚಿತ್ರ.

ಮುಂದೆ ಫಾಳ್ಕೆಯವರು ‘ರಾಜಾ ಹರಿಶ್ಚಂದ್ರ’ ಚಿತ್ರವನ್ನು ತಯಾರಿಸಿದರು. ಅದು 1913ರ ಮೇ 3ರಂದು ಮುಂಬಯಿಯ ಕಾರೋನೇಶನ್ ಚಿತ್ರಮಂದಿರದಲ್ಲಿ ತೆರೆಕಂಡಿತು. ಚಿತ್ರಕ್ಕೆ ಹಣ ಹೂಡುವವರು ‘ನಿರ್ಮಾಪಕರು’. ಯಾರು ಹೇಗೆ ಅಭಿನಯಿಸಬೇಕು, ಕ್ಯಾಮರಾ ಎಲ್ಲಿರಬೇಕು ಎಂದು ನಿರ್ಧರಿಸುವವರು ‘ನಿರ್ದೇಶಕರು’. ಇಲ್ಲಿ ಎರಡೂ ಫಾಳ್ಕೆಯವರೇ. ಕ್ಯಾಮರಾ ನಡೆಸುವವರು ‘ಛಾಯಾಗ್ರಾಹಕರು’. ಆ ಕೆಲಸವನ್ನು ತ್ರ್ಯಂಬಕ ತೆಲಂಗ ಮಾಡಿದರು. ಫಾಳ್ಕೆಯವರ ಪತ್ನಿ ಸರಸ್ವತಿಬಾಯಿಯವರು ಹಗಲು ಎಲ್ಲರಿಗೂ ಅಡುಗೆ ಮಾಡುತ್ತಿದ್ದರು. ರಾತ್ರಿ ಫಿಲ್ಮಿನ ಅಂಚಿಗೆ ರಂಧ್ರ ಹಾಕಲು ನೆರವಾಗುತ್ತಿದ್ದರು. ಅವರು ತೆರೆಯ ಮೇಲೆ ಕಾಣಲಿಲ್ಲ. ಆದರೆ ಅವರ ದುಡಿಮೆಯಿಲ್ಲದೆ ಆ ಚಿತ್ರ ತಯಾರಾಗುವುದು ಕಷ್ಟವಿತ್ತು.

‘ರಾಜಾ ಹರಿಶ್ಚಂದ್ರ’ ಮಾತಿಲ್ಲದ ಚಿತ್ರ, ಅಂದರೆ ‘ಮೂಕಿಚಿತ್ರ’. ಮಾತಿರುವ ಚಿತ್ರ ‘ವಾಕ್ಚಿತ್ರ’. ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’. ಅದು ಎಲ್ಲಿ ತಯಾರಾಯಿತು ಬಲ್ಲಿರಾ? ನಮ್ಮ ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ!

ವಾಕ್ಚಿತ್ರದಲ್ಲಿ ತುಟಿ ಅಲುಗಿದಾಗಲೇ ಮಾತು ಕೇಳಬೇಕು. ಚಿತ್ರ ಮತ್ತು ಧ್ವನಿ ಸಾಮಾನ್ಯವಾಗಿ ಬೇರೆಬೇರೆ ಯಂತ್ರಗಳಲ್ಲಿ ದಾಖಲಾಗುತ್ತವೆ. ಅವುಗಳನ್ನು ಹೊಂದಿಸಲು ‘ಕ್ಲಾಪ್ ಬೋರ್ಡ್’ ಎಂಬ ಹಲಗೆಯಿದೆ. ಅದರ ಮೇಲೆ ದೃಶ್ಯದ ಸಂಖ್ಯೆ ಬರೆದಿರುತ್ತದೆ. ಹಲಗೆಯ ಪಟ್ಟಿಯನ್ನು ‘ಟಪ್’ ಎಂದು ಬಡಿಯುತ್ತಾರೆ. ಪಟ್ಟಿ ಕೂಡಿದ ಫ್ರೇಮನ್ನೂ ‘ಟಪ್’ ಸದ್ದನ್ನೂ ಸೇರಿಸಿದರೆ ಎರಡೂ ಸರಿಹೊಂದುತ್ತವೆ. ಕ್ಯಾಮರಾ ನಿಲ್ಲಿಸದೆ ತೆಗೆದ ಒಂದು ತುಣುಕು ‘ಶಾಟ್’. ತಪ್ಪಾದರೆ ಅದನ್ನೇ ಮತ್ತೆ ತೆಗೆಯುತ್ತಾರೆ. ಹೀಗೆ ಒಂದೊಂದು ಸಲ ತೆಗೆದದ್ದು ಒಂದೊಂದು ‘ಟೇಕ್’. ಒಳ್ಳೆಯ ತುಣುಕುಗಳನ್ನು ಆರಿಸಿ, ಹೂ ಕಟ್ಟಿದಂತೆ ಜೋಡಿಸುವವರು ‘ಸಂಕಲನಕಾರರು’.

ಚಿತ್ರವೇನೋ ಸಿದ್ಧವಾಯಿತು. ಇನ್ನು ಅದು ಊರೂರಿಗೆ ತಲುಪಬೇಕು. ‘ಸತಿ ಸುಲೋಚನಾ’ ಕೊಲ್ಹಾಪುರದಿಂದ ಬೆಂಗಳೂರಿಗೆ ಹೋಗಿ 1934ರಲ್ಲಿ ತೆರೆಕಂಡಿತು. ಚಿತ್ರವನ್ನು ಚಿತ್ರಮಂದಿರಗಳಿಗೆ ಒದಗಿಸುವವರು ‘ವಿತರಕರು’ ಅಥವಾ ‘ಹಂಚಿಕೆದಾರರು’. ಚಿತ್ರಮಂದಿರ ನಡೆಸಿ ತೋರಿಸುವವರು ‘ಪ್ರದರ್ಶಕರು’. ಹಿಂದೆ ಫಿಲ್ಮನ್ನು ‘ರೀಲು’ ಎಂಬ ಗಾಲಿಗೆ ಸುತ್ತಿ, ಡಬ್ಬಿಗಳಲ್ಲಿ ಕಳುಹಿಸುತ್ತಿದ್ದರು. ಈಗ ಅಂಗೈಯಗಲದ ಹಾರ್ಡ್ ಡಿಸ್ಕಿನಲ್ಲಿ ಇಡೀ ಸಿನಿಮಾ ಬರುತ್ತದೆ.

ಮಕ್ಕಳೇ, ನಾವು ತೆರೆಯ ಮೇಲೆ ನಟನಟಿಯರನ್ನು ಮಾತ್ರ ಕಾಣುತ್ತೇವೆ. ಅವರ ಹಿಂದೆ ದೀಪ ಹಿಡಿದವರು, ಬಟ್ಟೆ ಹೊಲಿದವರು, ಅಡುಗೆ ಮಾಡಿದವರು ಎಷ್ಟೋ ಮಂದಿ ಇರುತ್ತಾರೆ. ಮುಂದಿನ ಸಲ ಸಿನಿಮಾ ಮುಗಿದಾಗ ಕೂಡಲೇ ಏಳಬೇಡಿರಿ. ಒಂದೆರಡು ನಿಮಿಷ ಕುಳಿತು ಆ ಹೆಸರುಗಳನ್ನು ಓದಿರಿ. ದುಡಿದವರಿಗೆ ನಾವು ಅಷ್ಟಾದರೂ ಗೌರವ ಕೊಡಬೇಡವೇ?