ಅಡ್ಡಡ್ಡ ಓಡೋ ಕಾರು: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬಾರದು

ಮೊಬೈಲ್ ತೆಗೆದರೆ ಸಾಕು, ಕಾರೊಂದು ಹೊಗೆ ಎಬ್ಬಿಸಿಕೊಂಡು ಅಡ್ಡಡ್ಡ ಜಾರುತ್ತಾ ತಿರುವು ದಾಟುವ ವಿಡಿಯೋ ಬರುತ್ತೆ. ಇದಕ್ಕೆ ಡ್ರಿಫ್ಟಿಂಗ್ ಅಂತಾರೆ. ಕಾಲೇಜು ಹುಡುಗರು ನನ್ನನ್ನ ಕೇಳೋದು ಒಂದೇ ಪ್ರಶ್ನೆ: "ಸರ್, ನೀವು ಎಂಜಿನಿಯರಿಂಗ್ ಓದಿದವರು. ಕಡಿಮೆ ದುಡ್ಡಲ್ಲಿ ಇಂಥ ಕಾರು ಮಾಡಬಹುದಾ?"

ಮಾಡಬಹುದು. ಆದರೆ ಆ ಕಡಿಮೆ ದುಡ್ಡನ್ನ ಎಲ್ಲಿ ಹಾಕ್ತೀರಿ ಅನ್ನೋದೇ ಇಲ್ಲಿ ಮುಖ್ಯ.

ಡ್ರಿಫ್ಟಿಂಗ್ ಬರೀ ಶ್ರೀಮಂತರ ಆಟವಾಗಿ ಬೆಳೆದದ್ದಲ್ಲ. 1970ರ ದಶಕದಲ್ಲಿ ಜಪಾನಿನ ರೇಸರ್ ಕುನಿಮಿತ್ಸು ತಕಹಾಶಿ ಟ್ರ್ಯಾಕಿನ ತಿರುವುಗಳಲ್ಲಿ ಬೇಕಂತಲೇ ಕಾರು ಜಾರಿಸುತ್ತಿದ್ದರು. ಅವರಿಂದ ಪ್ರೇರಣೆ ಪಡೆದ ಕೀಚಿ ತ್ಸುಚಿಯಾ ಬೆಟ್ಟದ ರಸ್ತೆಗಳಲ್ಲಿ ಅದನ್ನು ಪಳಗಿಸಿಕೊಂಡು 'ಡ್ರಿಫ್ಟ್ ಕಿಂಗ್' ಅನ್ನಿಸಿಕೊಂಡರು. ಅವರ ಹೆಸರಿಗೆ ಅಂಟಿಕೊಂಡ ಕಾರು ಟೊಯೋಟಾ ಎಇ86. 1983ರಲ್ಲಿ ಬಂದ ಈ ಕಾರಿನ ಎಂಜಿನ್ 1.6 ಲೀಟರ್, ಶಕ್ತಿ ಸುಮಾರು 130 ಅಶ್ವಶಕ್ತಿ. ಇವತ್ತಿನ ಲೆಕ್ಕದಲ್ಲಿ ಇದೇನೂ ದೊಡ್ಡ ಶಕ್ತಿ ಅಲ್ಲ. ಆದರೆ ಕಾರು ಹಗುರ, ಮತ್ತು ಎಂಜಿನ್ ಶಕ್ತಿ ಹೋಗೋದು ಹಿಂದಿನ ಚಕ್ರಗಳಿಗೆ. ಅಷ್ಟು ಸಾಕಾಯ್ತು.

ಹಾಗಾಗಿ ಮೊದಲ ಪಾಠ: ಶಕ್ತಿಗೆ ದುಡ್ಡು ಸುರಿಯಬೇಡಿ. ಮೊದಲು ಹಿಂದಿನ ಚಕ್ರ ತಿರುಗಿಸೋ ಕಾರು ಹುಡುಕಿ. ನಮ್ಮಲ್ಲಿ ತೊಡಕು ಶುರುವಾಗೋದೇ ಇಲ್ಲಿ. ಮಾರುತಿ 800ನಿಂದ ಸ್ವಿಫ್ಟ್‌ವರೆಗೆ ನಮ್ಮ ಮನೆಮುಂದಿನ ಕಾರುಗಳದ್ದು ಮುಂದಿನ ಚಕ್ರದ ಎಳೆತ. ಓಮ್ನಿ, ಬೊಲೆರೊಗಳಲ್ಲಿ ಶಕ್ತಿ ಹಿಂದಿನ ಚಕ್ರಕ್ಕೆ ಹೋಗುತ್ತೆ ನಿಜ, ಆದರೆ ಅವು ಎತ್ತರದ ಗಾಡಿಗಳು, ಜಾರೋ ಬದಲು ಪಲ್ಟಿ ಹೊಡೆದಾವು. ಉಳಿಯೋದು ಹಳೆಯ ಕಾಂಟೆಸ್ಸಾ ಥರದ ಕಾರುಗಳು, ಇಲ್ಲವೇ ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು 3 ಸೀರೀಸ್. ಮೊದಲನೆಯದಕ್ಕೆ ಬಿಡಿಭಾಗ ಸಿಗೋದು ಕಷ್ಟ, ಎರಡನೆಯದರ ಬಿಡಿಭಾಗ ದುಬಾರಿ. ಹಾಗಾಗಿ ಕಾರಿನ ಬೆಲೆಯನ್ನಷ್ಟೇ ನೋಡಿ ಬಜೆಟ್ ಹಾಕಬೇಡಿ.

ಎರಡನೆಯದು ಡಿಫರೆನ್ಷಿಯಲ್. ಎತ್ತಿನ ಗಾಡಿ ನೋಡಿ. ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಹೋಗಬೇಕು, ಒಳಗಿನದು ಕಡಿಮೆ. ಅಲ್ಲಿ ಚಕ್ರಗಳು ತಮ್ಮ ಪಾಡಿಗೆ ತಾವು ತಿರುಗುತ್ತವೆ, ತೊಂದರೆ ಇಲ್ಲ. ಕಾರಿನಲ್ಲಿ ಎರಡೂ ಚಕ್ರಕ್ಕೆ ಒಂದೇ ಎಂಜಿನ್ ಶಕ್ತಿ ಕೊಡಬೇಕಲ್ಲ, ಹಾಗಾಗಿ ನಡುವೆ ಈ ಗೇರುಗಳ ಗೂಡು. ಜೋರಾಗಿ ತಿರುಗಿದಾಗ ಕಾರಿನ ಭಾರ ಹೊರಗಿನ ಚಕ್ರಕ್ಕೆ ಬೀಳುತ್ತೆ, ಒಳಗಿನ ಚಕ್ರ ಹಗುರವಾಗಿ ಸುಮ್ಮನೆ ಗಿರ್ರನೆ ತಿರುಗುತ್ತೆ. ಶಕ್ತಿಯೆಲ್ಲ ಅಲ್ಲೇ ಸೋರಿ ಹೋಗುತ್ತೆ. ಡ್ರಿಫ್ಟ್‌ಗೆ ಎರಡೂ ಚಕ್ರ ಒಟ್ಟಿಗೆ ತಿರುಗಬೇಕು. ಅದಕ್ಕೆಂದೇ ಮಾಡಿದ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ದುಬಾರಿ. ಬಡವನ ದಾರಿ ಅಂದ್ರೆ ಒಳಗಿನ ಗೇರುಗಳನ್ನೇ ವೆಲ್ಡಿಂಗ್ ಮಾಡಿಸಿಬಿಡೋದು. ಪ್ರಪಂಚದಾದ್ಯಂತ ಹೊಸಬರು ಇದನ್ನೇ ಮಾಡ್ತಾರೆ. ಆದರೆ ವೆಲ್ಡಿಂಗ್ ಕೆಟ್ಟದಾಗಿದ್ದರೆ ಮುರಿದ ತುಂಡು ಗೇರುಗಳ ಮಧ್ಯೆ ಸಿಕ್ಕಿ, ಓಡುವಾಗಲೇ ಚಕ್ರ ಜಾಮ್ ಆಗಬಹುದು. ಅದೂ ಅಲ್ಲದೆ ಹೀಗೆ ಮಾಡಿಸಿದ ಕಾರು ಡಾಂಬರು ರಸ್ತೆಯ ಮಾಮೂಲಿ ತಿರುವಿನಲ್ಲೂ ಟೈರು ಉಜ್ಜುತ್ತಾ, ಆಕ್ಸೆಲ್ ತಿರುಚುತ್ತಾ ಹೋಗುತ್ತೆ.

ಮೂರನೆಯದು ಸ್ಟೀರಿಂಗ್. ಕಾರಿನ ಹಿಂಭಾಗ ಹೊರಗೆ ಜಾರಿದಾಗ ಮುಂದಿನ ಚಕ್ರಗಳನ್ನು ಜಾರುವ ಕಡೆಗೇ ತಿರುಗಿಸಿ ಹಿಡಿಯಬೇಕು. ಮಾಮೂಲಿ ಕಾರಿನ ಚಕ್ರ ಸ್ವಲ್ಪದರಲ್ಲೇ ತಿರುಗೋದು ನಿಲ್ಲಿಸುತ್ತೆ, ಕಾರು ಬುಗುರಿಯಾಗುತ್ತೆ. ಅದಕ್ಕೆ ಹೆಚ್ಚು ಕೋನ ಕೊಡೋ ಭಾಗಗಳು ಬೇಕು. ಇದನ್ನು ಕಂಡಕಂಡ ಗ್ಯಾರೇಜಿನಲ್ಲಿ ಕಟ್ ಮಾಡಿಸಿ ಬೆಸುಗೆ ಹಾಕಿಸಬೇಡಿ. ಮುಂದಿನ ಚಕ್ರ ಕಳಚಿಕೊಂಡರೆ ಆ ಕಾರು ಯಾರ ಮಾತೂ ಕೇಳಲ್ಲ.

ಉಳಿಸೋಕೆ ಜಾಗಗಳಿವೆ. ಹಿಂದಿನ ಸೀಟು, ಮ್ಯಾಟು, ಸ್ಪೀಕರ್ ಕಿತ್ತು ಹಾಕಿ, ಕಾರು ಬಿಟ್ಟಿಯಾಗಿ ಹಗುರಾಗುತ್ತೆ. ಹಿಂದಿನ ಟೈರು ಹೇಗೂ ಸುಟ್ಟುಹೋಗೋದೇ, ಅದಕ್ಕೆ ದುಬಾರಿ ಬ್ರ್ಯಾಂಡು ಬೇಡ, ಮುಂದಿನವು ಮಾತ್ರ ಒಳ್ಳೆಯದಿರಲಿ. ಬಣ್ಣ, ರೆಕ್ಕೆ, ಸ್ಟಿಕ್ಕರ್ ಕೊನೆಗೆ. ಉಳಿಸಬಾರದ್ದು: ಬ್ರೇಕು, ರೇಡಿಯೇಟರ್, ರೇಸಿಂಗ್ ಸೀಟು, ಬೆಲ್ಟು, ರೋಲ್ ಕೇಜ್, ಹೆಲ್ಮೆಟ್, ಬೆಂಕಿ ಆರಿಸೋ ಸಿಲಿಂಡರ್. ನನ್ನ ಲೆಕ್ಕ ಸರಳ. ಕಾರನ್ನು ಓಡಿಸೋ ಸಾಮಾನಿನಲ್ಲಿ ಚೌಕಾಸಿ ಮಾಡಿ, ನಿಮ್ಮನ್ನು ಉಳಿಸೋ ಸಾಮಾನಿನಲ್ಲಿ ಮಾಡಬೇಡಿ.

ಈಗ ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕ ಮಾಡಿಸಿದ ಅಕ್ರಮ ಬದಲಾವಣೆ ಒಂದೊಂದಕ್ಕೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು. ಅಂದ್ರೆ ನೀವು ಕಟ್ಟೋದು ರಸ್ತೆ ಕಾರಲ್ಲ. ಅದನ್ನು ಇನ್ನೊಂದು ಗಾಡಿ ಮೇಲೆ ಹೇರಿಕೊಂಡು, ಚೆನ್ನೈ ಹತ್ತಿರದ ಇರುಂಗಾಟುಕೋಟೈ ಅಥವಾ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಥರದ ಟ್ರ್ಯಾಕಿಗೆ ಅನುಮತಿ ಪಡೆದು ಒಯ್ಯಬೇಕು. ಆ ಸಾಗಾಣಿಕೆ, ಟ್ರ್ಯಾಕ್ ಬಾಡಿಗೆ ನಿಮ್ಮ ಬಜೆಟ್‌ನಲ್ಲಿ ಇಲ್ಲ ಅಂದ್ರೆ, ನಿಮ್ಮ ಬಜೆಟ್ ಇನ್ನೂ ಮುಗಿದಿಲ್ಲ ಅಂತಲೇ ಅರ್ಥ.

"ರಾತ್ರಿ ರಿಂಗ್ ರೋಡ್ ಖಾಲಿ ಇರುತ್ತಲ್ಲ ಸರ್" ಅಂತೀರಿ. ಖಾಲಿ ಇರಲ್ಲ. ನಾಲ್ಕೂವರೆಗೆ ಹಾಲಿನವನು ಸೈಕಲ್ ಹತ್ತಿರುತ್ತಾನೆ, ಪೌರಕಾರ್ಮಿಕರು ಪೊರಕೆ ಹಿಡಿದು ರಸ್ತೆಗೆ ಬಂದಿರುತ್ತಾರೆ. ನಿಮ್ಮ ಕಾರಿಗೆ ರೋಲ್ ಕೇಜ್ ಇದೆ. ಅವರಿಗೆ ಏನಿದೆ?

ಆಸೆ ತಪ್ಪಲ್ಲ. ಕಾರು ಕೊಳ್ಳೋ ಮೊದಲು, ಕಲಿಸುವವರ ಪಕ್ಕ ಕೂತು, ಟ್ರ್ಯಾಕಿನ ಮೂಲೆಗೆ ನೀರು ಸುರಿಸಿಕೊಂಡು ಒಂದು ದಿನ ಅಭ್ಯಾಸ ಮಾಡಿ. ಒದ್ದೆ ನೆಲದಲ್ಲಿ ಕಡಿಮೆ ವೇಗಕ್ಕೇ ಕಾರು ಜಾರುತ್ತೆ, ಟೈರೂ ಉಳಿಯುತ್ತೆ, ಮೈಯೂ ಉಳಿಯುತ್ತೆ. ಆಮೇಲೂ ಆಸೆ ಉಳಿದಿದ್ದರೆ ಗುಜರಿ ಅಂಗಡಿ ಕಡೆ ಹೊರಡಿ.