ಯಾರೂ ಮುಟ್ಟದ ಕೇಸು ಹಿಡಿಯುವವರು

ಮದುವೆ ಊಟ ಮುಗಿಸಿ ಹಾಲ್‌ನ ಹೊರಗೆ ನಾಲ್ಕು ಜನ ಕುರ್ಚಿ ಎಳೆದು ಕೂತಾಗ, ಅಲ್ಲೊಬ್ಬ ಕ್ರಿಮಿನಲ್ ವಕೀಲರಿದ್ದರೆ ಈ ಪ್ರಶ್ನೆ ಬಂದೇ ಬರುತ್ತದೆ: "ಅಲ್ಲ ವಕೀಲ್ರೇ, ಕೊಲೆ ಮಾಡಿದವನ ಪರ ನೀವು ನಿಲ್ಲುವುದು ಹೇಗೆ? ರಾತ್ರಿ ನಿದ್ದೆ ಬರ್ತದಾ?" ಕೇಳಿದವರ ಮನೆಯ ಹುಡುಗನನ್ನೇ ಪೊಲೀಸರು ಕರೆದೊಯ್ದ ದಿನ ಮಾತ್ರ ಪ್ರಶ್ನೆ ಬದಲಾಗುತ್ತದೆ: "ಒಳ್ಳೆ ವಕೀಲರು ಯಾರಾದ್ರೂ ಗೊತ್ತುಂಟಾ?"

ಇಂಗ್ಲೆಂಡಿನ ಬ್ಯಾರಿಸ್ಟರುಗಳ ಬಳಿ ಮೊದಲ ಪ್ರಶ್ನೆಗೆ ಹಳೆಯ ಉತ್ತರವಿದೆ. ಅಲ್ಲಿ ಕಕ್ಷಿದಾರನ ಕಾಗದಪತ್ರ ನೋಡುವವರು ಸಾಲಿಸಿಟರ್. ಗಂಭೀರ ಕೇಸುಗಳಲ್ಲಿ ವಿಗ್, ಗೌನು ಹಾಕಿ ಜ್ಯೂರಿಯ ಮುಂದೆ ವಾದಿಸುವವರು ಸಾಮಾನ್ಯವಾಗಿ ಬ್ಯಾರಿಸ್ಟರ್. ಸ್ಟ್ಯಾಂಡಿನಲ್ಲಿ ಮುಂದಿರುವ ಟ್ಯಾಕ್ಸಿಯವನು ಬಂದ ಗಿರಾಕಿಯನ್ನು ಹತ್ತಿಸಿಕೊಳ್ಳಲೇಬೇಕು. ಹಾಗೆಯೇ ತನಗೆ ಗೊತ್ತಿರುವ ಕೆಲಸ, ಬಿಡುವು, ಸರಿಯಾದ ಫೀಸು ಇದ್ದರೆ, ಆರೋಪಿಯ ಮುಖ ಇಷ್ಟವಿಲ್ಲವೆಂದು ಬ್ಯಾರಿಸ್ಟರ್ ಕೇಸು ಬಿಡುವಂತಿಲ್ಲ. ಇದಕ್ಕೆ 'ಕ್ಯಾಬ್ ರ‍್ಯಾಂಕ್' ನಿಯಮ ಎನ್ನುತ್ತಾರೆ. (ನಮ್ಮ ರಿಕ್ಷಾ ಪಾರ್ಕಿನಲ್ಲಿ ಇದನ್ನು ಹೇಳಿದರೆ ನಕ್ಕಾರು, ಅದು ಬೇರೆ ವಿಷಯ.) ಹಾಗಂತ ಸುಳ್ಳು ಹೇಳಲು ಪರವಾನಗಿ ಇಲ್ಲ. "ನಾನೇ ಮಾಡಿದ್ದು" ಎಂದು ಕಕ್ಷಿದಾರ ಒಪ್ಪಿಕೊಂಡ ಮೇಲೆ 'ಇವನು ಆ ಜಾಗದಲ್ಲೇ ಇರಲಿಲ್ಲ' ಎಂದು ವಾದ ಕಟ್ಟುವಂತಿಲ್ಲ. ಸರ್ಕಾರದ ಸಾಕ್ಷ್ಯ ಸಾಕೋ ಸಾಲದೋ ಎಂದು ಪರೀಕ್ಷಿಸಬಹುದು, ಅಷ್ಟೇ.

ಇದಕ್ಕೆ ಬೆಲೆ ತೆತ್ತವರೂ ಇದ್ದಾರೆ. 1792ರಲ್ಲಿ ಥಾಮಸ್ ಪೇನ್ ಪರ ವಾದಿಸಿದ್ದಕ್ಕೆ ಥಾಮಸ್ ಅರ್ಸ್ಕಿನ್ ಎಂಬ ಬ್ಯಾರಿಸ್ಟರ್ ರಾಜಕುಮಾರನ ಬಳಿಯಿದ್ದ ಅಟಾರ್ನಿ ಜನರಲ್ ಹುದ್ದೆ ಕಳೆದುಕೊಂಡರು. ಕೇಸೂ ಸೋತರು.

ನಮ್ಮ ದೇಶದ ಬಾರ್ ಕೌನ್ಸಿಲ್ ನಿಯಮವೂ ಹೆಚ್ಚುಕಡಿಮೆ ಇದೇ: ಆರೋಪಿ ತಪ್ಪಿತಸ್ಥ ಎಂದು ವಕೀಲನಿಗೆ ಸ್ವಂತಕ್ಕೆ ಅನ್ನಿಸಿದರೂ ಅವನ ಪರ ವಾದಿಸಬೇಕು. ಇದು ಪುಸ್ತಕದ ಮಾತು. ಕೋರ್ಟಿನಲ್ಲಿ ಅದು ಹೇಗಿರುತ್ತದೆ ಎನ್ನುವುದಕ್ಕೆ ಮುಂಬೈಯ ಶಾಹಿದ್ ಆಜ್ಮಿಯವರನ್ನು ನೋಡಬೇಕು. ಎಳೆ ವಯಸ್ಸಿನಲ್ಲೇ ಟಾಡಾ ಕೇಸಿನಲ್ಲಿ ತಿಹಾರ್ ಜೈಲು ಸೇರಿ, ಅಲ್ಲೇ ಓದು ಮುಂದುವರಿಸಿ, ಹೊರಬಂದು ವಕೀಲರಾದವರು. 26/11ರ ಮುಂಬೈ ದಾಳಿಯ ಕೇಸಿನಲ್ಲಿ ಕಸಬ್ ಜೊತೆ ಫಹೀಮ್ ಅನ್ಸಾರಿ ಎಂಬವರೂ ಆರೋಪಿ. ದಾಳಿಗೆ ತಿಂಗಳುಗಳ ಮೊದಲೇ ಉತ್ತರ ಪ್ರದೇಶದಲ್ಲಿ ಬೇರೆ ಕೇಸಿನಲ್ಲಿ ಬಂಧನದಲ್ಲಿದ್ದವರು. ಅವರು ಬರೆದುಕೊಟ್ಟ ಮುಂಬೈ ನಕ್ಷೆ ಸತ್ತ ಉಗ್ರ ಅಬು ಇಸ್ಮಾಯಿಲ್‌ನ ಪ್ಯಾಂಟಿನ ಕಿಸೆಯಲ್ಲಿ ಸಿಕ್ಕಿತು ಎಂಬುದು ಆರೋಪ. ಪ್ಯಾಂಟು ರಕ್ತದಲ್ಲಿ ತೊಯ್ದಿತ್ತು. ನಕ್ಷೆಯ ಮೇಲೆ ಮಾತ್ರ ಒಂದು ಹನಿ ರಕ್ತ ಇಲ್ಲ, ಮುದುಡಿಯೂ ಇಲ್ಲ! ಇದಕ್ಕಿಂತ ಒಳ್ಳೆ ನಕ್ಷೆ ಇಂಟರ್‌ನೆಟ್‌ನಲ್ಲೇ ಸಿಗುವಾಗ ಕೈಯಲ್ಲಿ ಬರೆದದ್ದು ಯಾಕೆ ಎಂಬ ಪ್ರಶ್ನೆಯೂ ಎದ್ದಿತು.

ಸಿನಿಮಾದಲ್ಲಿ ಕಾಣುವ ಹಾಗೆ ಮೇಜು ಗುದ್ದಿ ಗೆಲ್ಲುವ ಕೆಲಸ ಇದಲ್ಲ. ಪಂಚನಾಮೆಯನ್ನು ಹತ್ತು ಸಲ ಓದಿ, ವಸ್ತುವಿಗೂ ಬರೆದದ್ದಕ್ಕೂ ತಾಳೆ ನೋಡುವ ಕೆಲಸ.

ತೀರ್ಪು ಕೇಳಲು ಶಾಹಿದ್ ಉಳಿಯಲಿಲ್ಲ. 2010ರ ಫೆಬ್ರವರಿ 11ರಂದು ಕುರ್ಲಾದ ಅವರ ಆಫೀಸಿನಲ್ಲೇ ಗುಂಡಿಕ್ಕಿ ಕೊಂದರು. ವಯಸ್ಸು 32. ಅದೇ ಮೇ 3ರಂದು ವಿಚಾರಣಾ ಕೋರ್ಟ್ ಫಹೀಮ್ ವಿರುದ್ಧದ ಸಾಕ್ಷ್ಯ ನಂಬಲಿಲ್ಲ. 2012ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕಸಬ್‌ನ ಗಲ್ಲು ಎತ್ತಿಹಿಡಿದ ತೀರ್ಪಿನಲ್ಲೇ ಫಹೀಮ್ ಬಿಡುಗಡೆಯನ್ನೂ ಎತ್ತಿಹಿಡಿಯಿತು. ಕಸಬ್‌ಗೂ ವಕೀಲರಿದ್ದರು ಎಂಬುದನ್ನು ಮರೆಯಬಾರದು. ವಕೀಲರು ಇದ್ದಾರೆಂದ ಮಾತ್ರಕ್ಕೆ ಅಪರಾಧಿ ತಪ್ಪಿಸಿಕೊಳ್ಳುವುದಿಲ್ಲ.

ದೂರದ ಮುಂಬೈ ಯಾಕೆ, ನಮ್ಮ ಹುಬ್ಬಳ್ಳಿಯಲ್ಲೇ 2020ರಲ್ಲಿ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಮೇಲೆ ದೇಶದ್ರೋಹದ ಕೇಸು ಬಿದ್ದಾಗ, ಅವರ ಪರ ಯಾರೂ ನಿಲ್ಲಬಾರದೆಂದು ವಕೀಲರ ಸಂಘವೇ ಠರಾವು ಮಾಡಿತು. ಇಂಥ ಠರಾವಿಗೆ ಕಾನೂನಿನಲ್ಲಿ ಬೆಲೆಯಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು. ಕೊನೆಗೆ ಹೈಕೋರ್ಟ್ ಮಧ್ಯೆ ಬಂದು, ಬೆಂಗಳೂರಿನ ವಕೀಲರು ಪೊಲೀಸ್ ಕಾವಲಿನಲ್ಲಿ ಧಾರವಾಡದ ಕೋರ್ಟಿಗೆ ಹೋಗಬೇಕಾಯಿತು.

ನಮ್ಮಲ್ಲಿ ಹುಡುಗನ ಬಂಧನವಾದರೆ ಮೊದಲು ಓಡುವುದು ಪುಢಾರಿಯ ಮನೆಗೆ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ತರಲೇಬೇಕು. ವಕೀಲರು ಬೇಕಾದದ್ದು ಆ ಹೊತ್ತಿಗೆ. ಫೀಸಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಬಂಧನದಲ್ಲಿ ಇರುವವರಿಗೆ ಉಚಿತ ವಕೀಲರು ಸಿಗುತ್ತಾರೆ. ಎಫ್‌ಐಆರ್ ಪ್ರತಿ ಕೇಳಿ ತೆಗೆದುಕೊಳ್ಳಿ. ಆ ಹೊತ್ತಿನಲ್ಲಿ ಹುಡುಗ ಬೇರೆಲ್ಲೋ ಇದ್ದನೆಂದಾದರೆ ಬಸ್ ಟಿಕೆಟು, ಹೋಟೆಲ್ ಬಿಲ್ಲು ಬಿಸಾಡಬೇಡಿ. ಅಂಗಡಿಯ ಸಿಸಿಟಿವಿಯಲ್ಲಿ ಹಳೆಯದರ ಮೇಲೆ ಹೊಸತು ರೆಕಾರ್ಡ್ ಆಗುತ್ತಾ ಹೋಗುತ್ತದೆ. ಆ ಅಂಗಡಿಯವರ ಬಳಿಗೆ ನಾಳೆಯಲ್ಲ, ಇವತ್ತೇ ಹೋಗಿ.